ಪದವಿ ಪಾರ್ಟಿಗೆ ಡೋನಟ್ ಗೋಪುರ: ದಾವಣಗೆರೆ ಬಿಸಿಲಲ್ಲಿ ನಿಲ್ಲುತ್ತಾ?

ವಿದ್ಯಾನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳ ಎಂಬಿಬಿಎಸ್ ಮುಗಿಯಿತು, ಒಂದು ವರ್ಷದ ಇಂಟರ್ನ್‌ಶಿಪ್ಪೂ ಆಯಿತು. ಮೇ ತಿಂಗಳಲ್ಲಿ ಒಂದು ಭಾನುವಾರ ಸಂಜೆ ಮನೆ ತಾರಸಿ ಮೇಲೆ ಸಣ್ಣ ಪಾರ್ಟಿ ಇಟ್ಟುಕೊಂಡಿದ್ದೇವೆ. ನೆಂಟರು, ಅವಳ ಬ್ಯಾಚಿನವರು ಎಲ್ಲ ಸೇರಿ ಅರವತ್ತು ಜನ. ಊಟಕ್ಕೆ ಅಡುಗೆಯವರಿಗೆ ಹೇಳಿಯಾಗಿದೆ. ಅವಳದ್ದು ಒಂದೇ ಹಟ. ಕೇಕ್ ಬೇಡ, ಮೇಜಿನ ನಡುವೆ ಡೋನಟ್ ಗೋಪುರ ಬೇಕು, ತುದಿಯಲ್ಲಿ ಪದವಿ ಟೋಪಿ ಬೇಕು.

ವಿಡಿಯೋಗಳಲ್ಲಿ ಥರ್ಮಕೋಲ್ ಕೋನ್ ಇಟ್ಟು, ಅದಕ್ಕೆ ಟೂತ್‌ಪಿಕ್ ಚುಚ್ಚಿ ಡೋನಟ್ ಸಿಕ್ಕಿಸುತ್ತಾರೆ. ನೋಡೋಕೆ ಚೆಂದ. ಆದರೆ ಅವರೆಲ್ಲ ಎಸಿ ಹಾಲ್‌ನಲ್ಲಿ ಮಾಡುತ್ತಾರೆ, ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಇನ್ನೊಂದು, ನಮ್ಮತ್ತೆ ಮೊಟ್ಟೆ ಮುಟ್ಟುವುದಿಲ್ಲ. ಬರುವವರಲ್ಲಿ ಅರ್ಧ ಜನವೂ ಹಾಗೇ. ಮಾಡಿ ಗೊತ್ತಿದ್ದವರು ದಾರಿ ತೋರಿಸಿ.

ಮಂಡಕ್ಕಿ ಮಿರ್ಚಿ:
ಬೆಣ್ಣೆ ದೋಸೆ ಊರಲ್ಲಿ ಕೂತು ಡೋನಟ್ ಯಾಕ್ರೀ? ತಾರಸಿ ಮೇಲೆ ಒಂದು ದೊಡ್ಡ ಕಾವಲಿ ಇಡಿಸಿ, ದೋಸೆ ಹಾಕಿಸಿ, ಮೇಲೊಂದು ಬೆಣ್ಣೆ ಉಂಡೆ. ಅರವತ್ತಲ್ಲ, ನೂರು ಜನ ಬಂದರೂ ಖುಷಿಯಾಗಿ ಹೋಗುತ್ತಾರೆ.

ವಿದ್ಯಾನಗರದ ಅಮ್ಮ:
ದೋಸೆ ಊಟದಲ್ಲಿ ಇದೆ ಸರ್. ಗೋಪುರ ಕಟ್ಟೋಕೆ ಮಾತ್ರ ಅದು ಒಪ್ಪಲ್ಲ, ಅಲ್ವಾ?

ಬೇಕರಿ ಮನೆ:
ಅಕ್ಕ, ಟೋಪಿ, ರಿಬ್ಬನ್ ಎಲ್ಲ ಆಮೇಲೆ. ಮೊದಲು ಎರಡು ತೀರ್ಮಾನ ಆಗಬೇಕು. ಯಾವ ಡೋನಟ್, ಮತ್ತು ಎಷ್ಟು ಗಂಟೆಗೆ ಮೇಜಿಗೆ ಬರುತ್ತದೆ. ಗೋಪುರ ನಿಲ್ಲೋದು ಬೀಳೋದು ಇದರ ಮೇಲೇ.

ಡೋನಟ್‌ನಲ್ಲಿ ಎರಡು ಜಾತಿ. ಒಂದು ಈಸ್ಟ್ ಹಾಕಿ ಉಬ್ಬಿಸಿದ್ದು. ಹಗುರ, ಮೆತ್ತಗೆ, ತಿನ್ನೋಕೆ ಅದೇ ರುಚಿ. ಆದರೆ ಮೂರ್ನಾಲ್ಕು ಪದರ ಪೇರಿಸಿದರೆ ಕೆಳಗಿನದು ಅಪ್ಪಚ್ಚಿ. ಇನ್ನೊಂದು ಬೇಕಿಂಗ್ ಪೌಡರ್ ಹಾಕಿದ್ದು, ಕೇಕ್ ಡೋನಟ್ ಅಂತೀವಿ. ತೂಕ ಜಾಸ್ತಿ, ಗಟ್ಟಿ, ಪೇರಿಸೋಕೆ ಸಲೀಸು. ಈಸ್ಟ್‌ನದ್ದೇ ಬೇಕು ಅಂದರೆ ಒಂದರ ಮೇಲೊಂದು ಎರಡಕ್ಕಿಂತ ಜಾಸ್ತಿ ಇಡಬೇಡಿ. ಎತ್ತರವನ್ನು ತಟ್ಟೆಗಳಿಂದ ತನ್ನಿ.

ಇನ್ನು ಬಿಸಿಲು. ಮೇ ಮಧ್ಯಾಹ್ನ ನಮ್ಮಲ್ಲಿ 38 ಡಿಗ್ರಿ ಅಂದರೆ ಯಾರೂ ಆಶ್ಚರ್ಯ ಪಡಲ್ಲ. ನಿಜವಾದ ಚಾಕೊಲೇಟ್‌ನಲ್ಲಿರುವ ಕೊಕೊ ಬೆಣ್ಣೆ 32ರಿಂದ 34 ಡಿಗ್ರಿಗೇ ಕರಗುತ್ತದೆ. ಚಾಕೊಲೇಟ್‌ಗೆ ಕ್ರೀಮ್ ಬೆರೆಸಿದ ಗನಾಶ್ ಅಂತೂ ಇಳಿದು ತಟ್ಟೆ ಸೇರುತ್ತದೆ. ಕಾಂಪೌಂಡ್ ಚಾಕೊಲೇಟ್‌ನಲ್ಲಿ ಬೇರೆ ಎಣ್ಣೆ ಇರುವುದರಿಂದ ಸ್ವಲ್ಪ ಜಾಸ್ತಿ ತಡೆಯುತ್ತದೆ. ನನ್ನನ್ನು ಕೇಳಿದರೆ ಬೇಸಿಗೆಗೆ ಸಕ್ಕರೆ ಗ್ಲೇಜೇ ಸರಿ, ಅಂದರೆ ಡೋನಟ್ ಮೇಲೆ ಹಚ್ಚುವ ಸಕ್ಕರೆ ಲೇಪ. 250 ಗ್ರಾಂ ಐಸಿಂಗ್ ಶುಗರ್‌ಗೆ ಮೂರ್ನಾಲ್ಕು ದೊಡ್ಡ ಚಮಚ ಹಾಲು, ಅಷ್ಟೇ. ನಮ್ಮ ಒಣ ಗಾಳಿಗೆ ಫ್ಯಾನ್ ಕೆಳಗೆ ಅರ್ಧ ಗಂಟೆಯಲ್ಲಿ ಪದರ ಕಟ್ಟುತ್ತದೆ. ಬಿಸಿಲಿನಿಂದ ನಮಗೆ ಆಗುವ ಉಪಕಾರ ಇದೊಂದೇ.

ಫ್ರಿಜ್‌ನಲ್ಲಿ ಇಟ್ಟುಬಿಡೋಣ ಅಂತ ಹೊರಡಬೇಡಿ. ಅಲ್ಲಿ ಈಸ್ಟ್ ಡೋನಟ್ ಬೇಗ ಬಿರುಸಾಗುತ್ತದೆ, ಹೊರಗೆ ತೆಗೆದ ತಕ್ಷಣ ಗ್ಲೇಜ್ ಬೆವರುತ್ತದೆ.

ದುರ್ಗದ ಹುಡುಗ:
ನಾನು ಚಿತ್ರದುರ್ಗದವನು, ಹಾಗಾಗಿ ಇದನ್ನು ಹೇಳದೆ ಇರೋಕೆ ಆಗಲ್ಲ. ಗೋಪುರ ಬಿಟ್ಟು ಕೋಟೆ ಮಾಡಿ! ಏಳು ಸುತ್ತಿನ ಕೋಟೆ. ಏಳು ಉಂಗುರ, ಹೊರಗಿನದು ದೊಡ್ಡದು, ಒಳಗೆ ಹೋದ ಹಾಗೆ ಎತ್ತರ. ತುದಿಯಲ್ಲಿ ಬತೇರಿ ಥರ ಒಂದು ಟೋಪಿ.

ಸಿವಿಲ್ ಮೇಷ್ಟ್ರು:
ಏಳು ಸುತ್ತು ಅಂದರೆ ಕೆಳಗಿನ ಸುತ್ತಿಗೇ ನಲವತ್ತಕ್ಕೂ ಹೆಚ್ಚು ಡೋನಟ್ ಬೇಕಪ್ಪಾ. ಮೇಜು ಸಾಲಲ್ಲ, ಮದುವೆ ಛತ್ರವೇ ಬೇಕು.

ದುರ್ಗದ ಹುಡುಗ:
ಮೂರು ಸುತ್ತಾದರೂ ಇರಲಿ ಸರ್. ನಮ್ಮ ಊರಿನ ಮಾನ ಉಳಿಯುತ್ತದೆ.

ಹರಿಹರದ ಗುಮಾಸ್ತ:
ಒಂದು ಮಾತು. ಥರ್ಮಕೋಲ್ ಕೋನ್ ಹುಡುಕಿಕೊಂಡು ಅಂಗಡಿ ಸುತ್ತಬೇಡಿ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್ ಕೂಡ ಇದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿಯೂ ಇದೆ. ಕರ್ನಾಟಕದಲ್ಲಂತೂ 2016ರಲ್ಲೇ ಥರ್ಮಕೋಲ್ ತಟ್ಟೆ ಲೋಟಗಳಿಗೆ ತಡೆ ಬಿದ್ದಿತ್ತು. ಎಲ್ಲೋ ಹಳೇ ಸ್ಟಾಕ್ ಸಿಗಬಹುದು, ಅದು ಬೇರೆ ಮಾತು. ತಿನ್ನುವ ವಸ್ತು ಸಿಕ್ಕಿಸೋಕೆ ಅದು ಬೇಡವೇ ಬೇಡ, ಉದುರುವ ಬಿಳಿ ಕಾಳು ಗ್ಲೇಜ್‌ಗೆ ಅಂಟಿಕೊಳ್ಳುತ್ತದೆ.

ಎಂಸಿಸಿ ಬಿ ಬ್ಲಾಕ್:
ಕೋನ್‌ಗೆ ಬದಲು ಬಾಳೆದಿಂಡು! ಪೂಜೆಯಲ್ಲಿ ಊದುಬತ್ತಿ ಸಿಕ್ಕಿಸುತ್ತೇವಲ್ಲ, ಹಾಗೇ. ಒಂದೂವರೆ ಅಡಿ ಎತ್ತರದ ದಪ್ಪ ದಿಂಡು ನಿಲ್ಲಿಸಿ, ಬಿದಿರು ಕಡ್ಡಿ ಚುಚ್ಚಿ, ಕಡ್ಡಿಗೆ ಡೋನಟ್ ತೂಗುಹಾಕಿ. ದಿಂಡಿನಲ್ಲಿ ನೀರು ತುಂಬಿರುವುದರಿಂದ ಒಳ್ಳೇ ಭಾರ, ತಳ ಅಲುಗಾಡಲ್ಲ. ಬುಡವನ್ನು ಮಾತ್ರ ಮಟ್ಟಸವಾಗಿ ಕೊಯ್ಯಬೇಕು.

ಬೇಕರಿ ಮನೆ:
ಐಡಿಯಾ ಚೆನ್ನಾಗಿದೆ. ಆದರೆ ಚುಚ್ಚಿದ ಕಡೆ ಹಾಲು ಒಸರುತ್ತದೆ, ಅದು ಕಂದು ಕಲೆ. ಬೆಣ್ಣೆ ಕಾಗದ ಸುತ್ತಿದರೂ ಕಡ್ಡಿ ಬುಡದಲ್ಲಿ ಇಳಿಯುತ್ತದೆ. ಮೆತ್ತನೆ ಡೋನಟ್ ಕಡ್ಡಿಯ ಮೇಲೆ ಗಂಟೆಗಟ್ಟಲೆ ತೂಗಿದರೆ ತೂತು ಅಗಲವಾಗಿ ಹರಿಯುತ್ತದೆ. ದಿಂಡನ್ನು ಬಿಡಬೇಡಿ, ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಡೋನಟ್ ನಡುವಿನಿಂದ ಕತ್ತರಿಸಿದ ಹಿಟ್ಟು ಸಣ್ಣ ಗುಂಡು ಆಗುತ್ತದಲ್ಲ, ಅದನ್ನೂ ಕರಿದು ಉದ್ದ ಕಡ್ಡಿಯ ತುದಿಗೆ ಸಿಕ್ಕಿಸಿ, ಅಡ್ಡ ಮಲಗಿಸಿದ ದಿಂಡಿನಲ್ಲಿ ಸಾಲಾಗಿ ನಿಲ್ಲಿಸಿ. ಗುಂಡು ಹಗುರ. ಕಡ್ಡಿ ಉದ್ದ ಇರುವುದರಿಂದ ಹಾಲು ಅದನ್ನು ಮುಟ್ಟಲ್ಲ. ಮಕ್ಕಳಿಗೂ ಕೈಗೆ ಸಿಗುತ್ತದೆ.

ಸಿವಿಲ್ ಮೇಷ್ಟ್ರು:
ನಾನು ಪಾಠ ಮಾಡೋದು ಕಟ್ಟಡದ ವಿಷಯ, ಆದರೂ ಲೆಕ್ಕ ಒಂದೇ. ಮನೆಯಲ್ಲಿರುವ ಸ್ಟೀಲ್ ತಟ್ಟೆಯಲ್ಲೇ ಇದು ಆಗುತ್ತದೆ.

ಡೋನಟ್ ಅಗಲ 8 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಒಂದಕ್ಕೊಂದು ತಾಗುವ ಹಾಗೆ ಒಂಬತ್ತು ಡೋನಟ್ ದುಂಡಗೆ ಇಟ್ಟರೆ ಹೊರಗಿನ ಅಗಲ ಸುಮಾರು 31 ಸೆಂ.ಮೀ. ಆರು ಇಟ್ಟರೆ 24. ಮೂರು ಇಟ್ಟರೆ 17. ಅಂದರೆ 13, 10, 7 ಇಂಚಿನ ಮೂರು ತಟ್ಟೆ. ಇದು ಒಳಗಿನ ಸಮತಟ್ಟು ಜಾಗದ ಅಳತೆ, ಅಂಚು ಸೇರಿಸಬೇಡಿ. ಒಂದೊಂದು ತಟ್ಟೆಯಲ್ಲಿ ಎರಡು ಪದರ. ಮೇಲಿನ ಪದರದ ಡೋನಟ್ ಕೆಳಗಿನ ಎರಡರ ಸಂದಿಯ ಮೇಲೆ ಬರಬೇಕು, ಇಟ್ಟಿಗೆ ಕಟ್ಟುವ ಕ್ರಮ. ಲೆಕ್ಕ ಹಾಕಿ: ಹದಿನೆಂಟು, ಹನ್ನೆರಡು, ಆರು, ತುದಿಗೆ ಒಂದು. ಮೂವತ್ತೇಳು. ಉಳಿದಿದ್ದು ಪಕ್ಕದ ಟ್ರೇಯಲ್ಲಿ ಇರಲಿ, ಖಾಲಿಯಾದ ಹಾಗೆ ತುಂಬಬಹುದು.

ಈಗ ಕಂಬ. ಒಂಬತ್ತರ ಉಂಗುರದ ನಡುವೆ 15 ಸೆಂ.ಮೀ. ಜಾಗ ಉಳಿಯುತ್ತದೆ. ಅಲ್ಲಿ 12, 13 ಸೆಂ.ಮೀ. ಅಗಲದ ಸ್ಟೀಲ್ ಡಬ್ಬಿ ಇಡಿ. ಆರರ ಉಂಗುರದ ನಡುವೆ 8 ಸೆಂ.ಮೀ., ಅಲ್ಲಿಗೆ ಒಂದು ನೀರಿನ ಲೋಟ ಬೋರಲು. ಎರಡೂ 10 ಸೆಂ.ಮೀ. ಎತ್ತರ ಇರಲಿ. ಎರಡು ಪದರ ಡೋನಟ್ 7 ಸೆಂ.ಮೀ. ಬಂದರೂ ಮೇಲಿನ ತಟ್ಟೆ ಗ್ಲೇಜ್‌ಗೆ ತಾಗಬಾರದು. ಮುಖ್ಯವಾದ ಮಾತು, ಡಬ್ಬಿಗೆ ಅಕ್ಕಿ ತುಂಬಿ ಮುಚ್ಚಳ ಹಾಕಿ. ಮೇಲಿನ ಎರಡು ಅಂತಸ್ತಿನಲ್ಲಿ ಡೋನಟ್ ತೂಕವೇ ಒಂದು ಕಿಲೋಗೂ ಮೇಲೆ, ತಟ್ಟೆ ಲೋಟ ಬೇರೆ. ಬುಡ ಹಗುರ ಇದ್ದರೆ ಯಾರೋ ಮೊಣಕೈ ತಗುಲಿಸಿದಾಗ ಎಲ್ಲ ಒಟ್ಟಿಗೆ ಬರುತ್ತದೆ. ತಟ್ಟೆಗೂ ಡಬ್ಬಿಗೂ ನಡುವೆ ಡಬಲ್ ಟೇಪ್. ಎಲ್ಲವನ್ನೂ ಒಂದು ಮಣೆಯ ಮೇಲೆ ನಿಲ್ಲಿಸಿ, ಎತ್ತರವೂ ಬರುತ್ತದೆ.

ತೆಗೆದುಕೊಳ್ಳುವವರಿಗೆ ಮೇಲಿನಿಂದ ಶುರು ಮಾಡೋಕೆ ಹೇಳಿ. ಕೆಳಗಿನ ತಟ್ಟೆಯ ಒಂದೇ ಕಡೆ ಖಾಲಿ ಮಾಡಿದರೆ ಭಾರ ವಾಲುತ್ತದೆ.

ದುರ್ಗದ ಹುಡುಗ:
ಮೂರು ಸುತ್ತು! ಧನ್ಯವಾದ ಮೇಷ್ಟ್ರೇ.

ವಿದ್ಯಾನಗರದ ಅಮ್ಮ:
ಮೇಷ್ಟ್ರೇ, ಈಗಲೇ ಟೇಪ್ ಹಿಡಿದು ಅಡುಗೆಮನೆಗೆ ಹೋದೆ. 13 ಇಂಚಿನದು ನಮ್ಮಲ್ಲಿ ಇಲ್ಲ, ಅತ್ತೆ ಸಂಡಿಗೆ ಒಣಗಿಸುವ ತಟ್ಟೆ ಸರಿಯಾಗುತ್ತದೆ. ಅವರಿಗೆ ಇನ್ನೂ ಹೇಳಿಲ್ಲ. ಬೇಕರಿ ಮನೆಯವರೇ, ಮೊಟ್ಟೆ ಇಲ್ಲದ ಅಳತೆ ಕೊಡುತ್ತೀರಾ? ಟೋಪಿ ಹೇಗೆ ಮಾಡೋದು ಅಂತಲೂ ಯಾರಾದರೂ ಹೇಳಿ.

ಬೇಕರಿ ಮನೆ:
ಬರೆದುಕೊಳ್ಳಿ ಅಕ್ಕ. ಮೈದಾ 500 ಗ್ರಾಂ, ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಸಕ್ಕರೆ 60 ಗ್ರಾಂ, ಉಪ್ಪು ಒಂದು ಟೀ ಚಮಚ, ಬೆಣ್ಣೆ 60 ಗ್ರಾಂ, ಹಾಲು 280ರಿಂದ 300 ಮಿಲಿ. ಹಾಲು ಉಗುರು ಬೆಚ್ಚಗೆ ಇರಬೇಕು. ಕೈ ಸುಡುವಷ್ಟು ಬಿಸಿ ಇದ್ದರೆ ಈಸ್ಟ್ ಸತ್ತುಹೋಗುತ್ತದೆ, ಆಮೇಲೆ ಎಷ್ಟು ಕಾದರೂ ಹಿಟ್ಟು ಏಳಲ್ಲ. ಬೆಣ್ಣೆಯನ್ನು ಕೊನೆಗೆ ಸೇರಿಸಿ ಚೆನ್ನಾಗಿ ನಾದಿ. ಹಿಟ್ಟು ಎಳೆದರೆ ಹರಿಯದೆ ತೆಳ್ಳಗೆ ಹಿಗ್ಗಬೇಕು. ಮೊಟ್ಟೆ ಇಲ್ಲದ್ದಕ್ಕೆ ಮೆತ್ತಗೆ ಬರೋದು ಈ ನಾದುವಿಕೆಯಿಂದಲೇ.

ಪುಸ್ತಕದಲ್ಲಿ ಒಂದೂವರೆ ಗಂಟೆ ಉಬ್ಬಲಿ ಅಂತ ಇರುತ್ತದೆ. ಅದು ತಣ್ಣನೆ ಊರಿನ ಲೆಕ್ಕ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಮುಕ್ಕಾಲು ಗಂಟೆಗೇ ಎರಡರಷ್ಟಾಗುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಜಾಸ್ತಿ ಬಿಟ್ಟರೆ ಹುಳಿ ವಾಸನೆ ಬಂದು, ಎಣ್ಣೆಗೆ ಹಾಕಿದಾಗ ಕುಸಿಯುತ್ತದೆ. ಒಂದು ಸೆಂ.ಮೀ.ಗಿಂತ ತುಸು ದಪ್ಪ ಲಟ್ಟಿಸಿ, 7 ಸೆಂ.ಮೀ. ಬಾಯಿಯ ಲೋಟದಿಂದ ಒತ್ತಿ. ನಡುವಿನ ತೂತಿಗೆ ನೀರಿನ ಬಾಟಲಿಯ ಮುಚ್ಚಳ. ಕರಿದ ಮೇಲೆ 8 ಸೆಂ.ಮೀ. ಆಸುಪಾಸು ಬರುತ್ತದೆ, ಮೇಷ್ಟ್ರ ಲೆಕ್ಕಕ್ಕೆ ಹೊಂದುತ್ತದೆ. ಇಷ್ಟು ಹಿಟ್ಟಿಗೆ ಹದಿನಾರರಿಂದ ಹದಿನೆಂಟು. ಅರವತ್ತು ಜನಕ್ಕೆ ಎರಡು ಕಿಲೋ ಮೈದಾ ಸಾಕು. ಎರಡೂ ಕಿಲೋ ಒಟ್ಟಿಗೆ ಕಲಸಬೇಡಿ. ಅರ್ಧ ಗಂಟೆ ಬಿಟ್ಟು ಬಿಟ್ಟು ಕಲಸಿದರೆ ಕರಿಯೋಕೆ ಸಾವಕಾಶ ಸಿಗುತ್ತದೆ.

ಒತ್ತಿದ ಉಂಗುರಗಳನ್ನು ಒಂದೊಂದು ಚೌಕ ಬೆಣ್ಣೆ ಕಾಗದದ ಮೇಲೆ ಇಟ್ಟು ಮತ್ತೆ ಇಪ್ಪತ್ತು ನಿಮಿಷ ಉಬ್ಬಿಸಿ. ಕಾಗದ ಸಮೇತ ಎಣ್ಣೆಗೆ ಜಾರಿಸಿ, ಕಾಗದ ತಾನೇ ಬಿಡುತ್ತದೆ, ಇಕ್ಕಳದಿಂದ ತೆಗೆಯಿರಿ. ಕೈಯಿಂದ ಎತ್ತಿ ಹಾಕಿದರೆ ಉಂಗುರ ಮೊಟ್ಟೆಯಾಕಾರ ಆಗುತ್ತದೆ, ಗೋಪುರದಲ್ಲಿ ಅದು ಎದ್ದು ಕಾಣುತ್ತದೆ. ಎಣ್ಣೆ 170ರಿಂದ 180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಚೂರು ಹಿಟ್ಟು ಹಾಕಿ, ತಕ್ಷಣ ಮೇಲೆದ್ದು ಒಂದು ನಿಮಿಷದಲ್ಲಿ ಹೊಂಬಣ್ಣ ಬಂದರೆ ಸರಿ. ಒಂದೊಂದು ಬದಿಗೆ ಒಂದು ನಿಮಿಷ ಸಾಕು. ಸುತ್ತ ನಡುವಲ್ಲಿ ಬಿಳಿ ಪಟ್ಟಿ ಕಂಡರೆ ಹಿಟ್ಟು ಸರಿಯಾಗಿ ಉಬ್ಬಿದೆ ಅಂತ ಅರ್ಥ.

ಹರಿಹರದ ಗುಮಾಸ್ತ:
ಕರಿದಿದ್ದನ್ನು ಪೇಪರ್ ಮೇಲೆ ಹಾಕಬೇಡಿ ದಯವಿಟ್ಟು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲೇ ಸುದ್ದಿಪತ್ರಿಕೆಯಲ್ಲಿ ಆಹಾರ ಇಡಬಾರದು, ಸುತ್ತಬಾರದು ಅಂತ ಇದೆ. ಜಾಲರಿ ಮೇಲೆ ಹಾಕಿ, ಎಣ್ಣೆ ಕೆಳಗೆ ಸೋರುತ್ತದೆ.

ಮಂಡಕ್ಕಿ ಮಿರ್ಚಿ:
ಗುಮಾಸ್ತರೇ, ಮಿರ್ಚಿ ಮಂಡಕ್ಕಿ ಪೇಪರ್‌ನಲ್ಲಿ ತಿಂದೇ ನಾವೆಲ್ಲ ಇಷ್ಟು ದೊಡ್ಡವರಾದದ್ದು.

ಹರಿಹರದ ಗುಮಾಸ್ತ:
ಗೊತ್ತು ಸರ್, ನಾನೂ ತಿಂದಿದ್ದೇನೆ. ನಿಯಮ ನಿಯಮವೇ.

ಕುಚ್ಚು ಅಕ್ಕ:
ಟೋಪಿ ನನಗೆ ಬಿಡಿ. ನಾನು ಸೀರೆಗೆ ಕುಚ್ಚು ಹಾಕುವವಳು. ಟೋಪಿಯಿಂದ ಇಳಿಬೀಳುವುದು ಕುಚ್ಚೇ ತಾನೆ! ರೇಷ್ಮೆ ದಾರ ನಾಲ್ಕು ಬೆರಳಿಗೆ ಐವತ್ತು ಸುತ್ತು ಸುತ್ತಿ, ಮೇಲೆ ಗಂಟು ಹಾಕಿ, ಕೆಳಗೆ ಕತ್ತರಿಸಿ. ಕತ್ತಿನ ಹತ್ತಿರ ಜರಿ ದಾರದಿಂದ ಕಟ್ಟಿ. ದೊಡ್ಡ ಟೋಪಿಗೆ ಕಪ್ಪು ಕಾರ್ಡ್ ಶೀಟ್ 12 ಸೆಂ.ಮೀ. ಚೌಕ, ಅದರಡಿ ಅದೇ ಶೀಟಿನ ಪಟ್ಟಿಯನ್ನು ಬಳೆಯಂತೆ ಸುತ್ತಿ ಅಂಟಿಸಿ. ಮೇಲಿನ ಡೋನಟ್ ತೂತಿನಲ್ಲಿ ಬಿದಿರು ಕಡ್ಡಿ ನಿಲ್ಲಿಸಿ ಅದರ ಮೇಲೆ ಕೂರಿಸಿದರೆ ಕಾಗದ ಗ್ಲೇಜ್‌ಗೆ ತಾಗಲ್ಲ.

ತಿನ್ನೋ ಟೋಪಿಯೂ ಮಾಡಬಹುದು. ಡೋನಟ್ ಗುಂಡನ್ನು ಕಪ್ಪು ಕಾಂಪೌಂಡ್‌ನಲ್ಲಿ ಅದ್ದಿ, ಮೇಲೆ ಚೌಕನೆ ಚಾಕೊಲೇಟ್ ತುಂಡು ಇಟ್ಟು, ನಡುವೆ ಒಂದು ಬಣ್ಣದ ಚಾಕೊಲೇಟ್ ಗುಂಡಿ. ಎಲ್ಲರಿಗೂ ಮಾಡೋಕೆ ಹೋಗಬೇಡಿ, ಹತ್ತು ಹನ್ನೆರಡು ಸಾಕು, ಅದೂ ಬಡಿಸುವ ಹೊತ್ತಿಗೆ ಹೊರಗೆ ತನ್ನಿ.

ಬೇಕರಿ ಮನೆ:
ಬಿಳಿ ಕಾಂಪೌಂಡ್‌ಗೆ ಬಣ್ಣ ಹಾಕುವುದಾದರೆ ಎಣ್ಣೆಯಲ್ಲಿ ಕರಗುವ ಬಣ್ಣ ಕೇಳಿ ತನ್ನಿ. ನೀರಿನ ಬಣ್ಣ ಎರಡು ಹನಿ ಬಿದ್ದರೂ ಚಾಕೊಲೇಟ್ ಗಂಟುಕಟ್ಟಿ ಕೆಡುತ್ತದೆ. ಸಕ್ಕರೆ ಗ್ಲೇಜ್‌ಗೆ ಯಾವುದಾದರೂ ನಡೆಯುತ್ತದೆ. ಮಿನುಗು ಬೇಕು ಅಂತ ಸ್ಟೇಷನರಿ ಅಂಗಡಿಯ ಗ್ಲಿಟರ್ ಉದುರಿಸುವವರನ್ನು ನೋಡಿದ್ದೇನೆ. ಅದು ಪ್ಲಾಸ್ಟಿಕ್ ಪುಡಿ. ಮಿಠಾಯಿಗೆ ಹಾಕುವ ಬೆಳ್ಳಿ ವರ್ಕ್ ಹಚ್ಚಿ, ಅದಕ್ಕಿಂತ ಚೆಂದ.

ಮಂಡಕ್ಕಿ ಮಿರ್ಚಿ:
ಟೋಪಿ ಬಗ್ಗೆ ನನ್ನದೊಂದು ತಕರಾರು. ಆ ಕಪ್ಪು ಟೋಪಿ ಕಪ್ಪು ಗೌನು ಬ್ರಿಟಿಷರದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಘಟಿಕೋತ್ಸವಕ್ಕೆ ಭಾರತೀಯ ಉಡುಪು ತನ್ನಿ ಅಂತ ಸೂಚಿಸಿದೆ. ಡಾಕ್ಟರಮ್ಮನ ಗೋಪುರಕ್ಕೆ ಮೈಸೂರು ಪೇಟ ಇಡಿ.

ಕುಚ್ಚು ಅಕ್ಕ:
ಪೇಟವೂ ಮಾಡಿಕೊಡುತ್ತೇನೆ ಸರ್, ಜರಿ ಬಟ್ಟೆ ಚೂರು ಸಾಕಷ್ಟಿದೆ. ಆದರೆ ಹುಡುಗಿ ಕೇಳಿದ್ದು ಟೋಪಿ.

ವಿದ್ಯಾನಗರದ ಅಮ್ಮ:
ಮಗಳಿಗೆ ಓದಿ ಹೇಳಿದೆ. "ಐದೂವರೆ ವರ್ಷ ಓದಿದ್ದು ಆ ಟೋಪಿ ಹಾರಿಸೋಕೆ ಅಮ್ಮ" ಅಂದಳು. ಪೇಟ ಅವರಪ್ಪನಿಗೆ ಇರಲಿ. ಇನ್ನೊಂದು ವಿಷಯ, ಅವಳ ತಮ್ಮ ಡೋನಟ್ ಮೇಲೆ ಕೆಂಪು ಪ್ಲಸ್ ಗುರುತು ಬರೆಯೋಣ ಅಂತಿದ್ದಾನೆ.

ಹರಿಹರದ ಗುಮಾಸ್ತ:
ಬಿಳಿ ಮೇಲೆ ಕೆಂಪು ಪ್ಲಸ್ ರೆಡ್ ಕ್ರಾಸ್ ಸಂಸ್ಥೆಯ ಲಾಂಛನ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಬೇರೆಯವರು ಬಳಸುವ ಹಾಗಿಲ್ಲ. ಡಾಕ್ಟರುಗಳೇ ಬೋರ್ಡಿಗೆ ಹಾಕಿಕೊಳ್ಳೋದು ನೋಡಿದ್ದೇವೆ, ಆದರೂ ಸರಿಯಲ್ಲ. ಸ್ಟೆತಸ್ಕೋಪ್ ಬರೆಸಿ, ತಕರಾರಿಲ್ಲ.

ಮಂಡಕ್ಕಿ ಮಿರ್ಚಿ:
ಡೋನಟ್‌ಗೂ ಕಾಯ್ದೆ! ಗುಮಾಸ್ತರನ್ನು ಪಾರ್ಟಿಗೆ ಕರೆಯಬೇಡಿ ಮೇಡಂ.

ಎಂಸಿಸಿ ಬಿ ಬ್ಲಾಕ್:
ಯಾರೂ ಇರುವೆ ಬಗ್ಗೆ ಹೇಳಲೇ ಇಲ್ಲವಲ್ಲ! ಬೇಸಿಗೆ, ತಾರಸಿ, ಸಕ್ಕರೆ ಗ್ಲೇಜ್. ಮೇಜಿನ ನಾಲ್ಕೂ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು ಇಡಿ. ಮೇಜುಬಟ್ಟೆ ನೆಲಕ್ಕೆ ತಾಗಬಾರದು, ತಾಗಿದರೆ ಬಟ್ಟಲು ಇಟ್ಟೂ ದಂಡ, ಬಟ್ಟೆ ಹತ್ತಿಕೊಂಡೇ ಬರುತ್ತವೆ. ಹೂವಿನ ಅಲಂಕಾರ ಮಾಡುವುದಾದರೆ ಮಣೆಯ ಸುತ್ತ ಮಾತ್ರ. ಮಾರ್ಕೆಟ್ ಸೇವಂತಿಗೆಗೆ ಔಷಧಿ ಹೊಡೆದಿರುತ್ತಾರೆ, ಡೋನಟ್ ಪಕ್ಕ ಸಿಕ್ಕಿಸಬೇಡಿ. ಟೂತ್‌ಪಿಕ್ ಎಲ್ಲೂ ಬಳಸದಿದ್ದರೆ ಇನ್ನೂ ಒಳ್ಳೆಯದು. ಮಕ್ಕಳು ನೋಡದೆ ಕಚ್ಚುತ್ತಾರೆ.

ಮೇ ಕೊನೆ ಅಂದರೆ ಸಂಜೆ ಗಾಳಿ ಮಳೆ ಯಾವಾಗ ಬೇಕಾದರೂ ಎದ್ದೀತು. ಗೋಪುರವನ್ನು ಕೆಳಗೆ ಹಾಲ್‌ನಲ್ಲೇ ಇಟ್ಟು, ಜನರನ್ನು ಅಲ್ಲಿಗೆ ಕರೆಯಿರಿ.

ಬೇಕರಿ ಮನೆ:
ಹೌದು, ಹಾಲ್‌ನಲ್ಲೇ ಇರಲಿ. ಹೊತ್ತಿನ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಏಳು ಗಂಟೆಗೆ ಜನ ಬರುವುದಾದರೆ ಹನ್ನೆರಡಕ್ಕೆ ಮೊದಲ ಹಿಟ್ಟು ಕಲಸಿ, ಎರಡರಿಂದ ನಾಲ್ಕು ಕರಿಯಿರಿ, ತುಸು ಬೆಚ್ಚಗಿರುವಾಗಲೇ ಗ್ಲೇಜ್‌ನಲ್ಲಿ ಅದ್ದಿ. ಆರಕ್ಕೆ ಜೋಡಿಸಿ. ಮೊದಲೇ ಜೋಡಿಸಿದರೆ ಕೆಳಗಿನ ಪದರದ ಗ್ಲೇಜ್ ಮೇಲಿನದಕ್ಕೆ ಅಂಟಿ, ಎತ್ತಿದಾಗ ಕಿತ್ತು ಬರುತ್ತದೆ. ಕರಿಯೋಕೆ ಜನ ಇಲ್ಲದಿದ್ದರೆ ಯಾವುದಾದರೂ ಮೊಟ್ಟೆ ಬಳಸದ ಬೇಕರಿಗೆ ಅಳತೆ ಹೇಳಿ ಮಾಡಿಸಿ, ಗ್ಲೇಜ್ ಮಾತ್ರ ಮನೆಯಲ್ಲಿ ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ.

ವಿದ್ಯಾನಗರದ ಅಮ್ಮ:
ಪಾರ್ಟಿ ಆಯಿತು! ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಬಿಳಿ ಗ್ಲೇಜ್, ಮೇಲೆ ದಾರದಷ್ಟು ಸಣ್ಣಗೆ ಕಪ್ಪು ಗೆರೆ, ಅಲ್ಲಲ್ಲಿ ಬೆಳ್ಳಿ ವರ್ಕ್. ಮೂರು ತಟ್ಟೆ, ಅಕ್ಕಿ ಡಬ್ಬಿ, ಮಣೆ, ತುದಿಯಲ್ಲಿ ಕುಚ್ಚು ಅಕ್ಕನ ಟೋಪಿ. ಬಾಳೆದಿಂಡು ಅಡ್ಡ ಮಲಗಿಸಿ ಗುಂಡು ಸಿಕ್ಕಿಸಿದ್ದೆವು, ಮಕ್ಕಳು ಅಲ್ಲಿಂದ ಕದಲಲೇ ಇಲ್ಲ. ಕರಿಯೋಕೆ ನನ್ನ ತಂಗಿ, ಓರಗಿತ್ತಿ ಬಂದಿದ್ದರು. ಅತ್ತೆ ಸಂಡಿಗೆ ತಟ್ಟೆ ಗುರುತು ಹಿಡಿದರು, ಡೋನಟ್ ತಿಂದ ಮೇಲೆ ಏನೂ ಅನ್ನಲಿಲ್ಲ. "ಬಾದುಷಾದಷ್ಟು ಸಿಹಿ ಇಲ್ಲ, ಚೆನ್ನಾಗಿದೆ" ಅಂದರು. ಮೇಲಿನಿಂದ ತೆಗೆಯಿರಿ ಅಂತ ಚೀಟಿ ಬರೆದಿಟ್ಟಿದ್ದೆ, ಯಾರೂ ಓದಲಿಲ್ಲ. ಆದರೂ ವಾಲಲಿಲ್ಲ ಮೇಷ್ಟ್ರೇ.

ಸಿವಿಲ್ ಮೇಷ್ಟ್ರು:
ಅಕ್ಕಿಯ ಮಹಿಮೆ.

ಪಿ.ಜೆ. ಬಡಾವಣೆ:
ಈ ಚರ್ಚೆ ತಡವಾಗಿ ನೋಡಿದೆ. ನಮ್ಮ ಮಗನ ಬಿ.ಇ. ಮುಗಿಯೋದು ಜೂನ್‌ನಲ್ಲಿ, ಪಾರ್ಟಿ ಜುಲೈ. ಇದೇ ಅಳತೆಯಲ್ಲಿ ಮಾಡಬಹುದಾ?

ಬೇಕರಿ ಮನೆ:
ತಟ್ಟೆ, ಡಬ್ಬಿ ಎಲ್ಲ ಅದೇ. ಗ್ಲೇಜ್ ಮಾತ್ರ ಬದಲಾಯಿಸಿ. ಮಳೆಗಾಲದ ತೇವಕ್ಕೆ ಸಕ್ಕರೆ ಗ್ಲೇಜ್ ಒಣಗಲ್ಲ, ಒಣಗಿದರೂ ಮತ್ತೆ ಜಿನುಗಿ ಕೈಗೆಲ್ಲ ಅಂಟುತ್ತದೆ. ಆಗ ಕಾಂಪೌಂಡ್ ಚಾಕೊಲೇಟ್‌ನಲ್ಲಿ ಅದ್ದಿ, ಜುಲೈ ತಂಪಿಗೆ ಚೆನ್ನಾಗಿ ಕೂರುತ್ತದೆ. ಹಿಟ್ಟು ಉಬ್ಬೋಕೂ ಒಂದು ಗಂಟೆ ಮೇಲೆ ಬೇಕಾಗುತ್ತದೆ, ಬೆಳಿಗ್ಗೆ ಸ್ವಲ್ಪ ಬೇಗ ಶುರು ಮಾಡಿ.